ಕತ್ತರಿಸಿದ ಲೀ-ಎನ್‌ಫೀಲ್ಡ್‌ಗೆ ಮತ್ತೆ ಸೈನ್ಯದ ರೂಪ ಕೊಡುವುದು ಹೇಗೆ?

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯಗಳ ಉಗ್ರಾಣಗಳಲ್ಲಿ ಬ್ರಿಟಿಷ್ ಮಾದರಿಯ ಲೀ-ಎನ್‌ಫೀಲ್ಡ್ ರೈಫಲ್‌ಗಳು ರಾಶಿ ಬಿದ್ದಿದ್ದವು. ಅಗ್ಗದ ದರಕ್ಕೆ ಅವು ಜನರ ಕೈ ಸೇರಿದವು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ ಬೇಟೆಗಾರರಿಗೆ ಗಟ್ಟಿಮುಟ್ಟಾದ ರೈಫಲ್ ಬೇಕಿತ್ತು, ಅದರ ಭಾರ ಬೇಡವಾಗಿತ್ತು. ಮುಂದಿನ ಮರವನ್ನು ಅರ್ಧಕ್ಕೆ ಕೊಯ್ದರು. ಬ್ಯಾರೆಲ್ ಮೇಲೆ ಮುಚ್ಚಿಕೊಂಡಿದ್ದ ಹ್ಯಾಂಡ್‌ಗಾರ್ಡ್ ತೆಗೆದು ಬಿಸಾಕಿದರು. ಬ್ಯಾಯೊನೆಟ್ ಸಿಕ್ಕಿಸುವ ನೋಸ್‌ಕ್ಯಾಪ್ ಕೂಡ ಹೋಯಿತು. ಹೀಗೆ ಬದಲಾದ ರೈಫಲ್‌ಗಳಿಗೆ 'ಸ್ಪೋರ್ಟರ್' ಎಂಬ ಹೆಸರು ಬಂತು.

ಇಂಥ ಒಂದು ಸ್ಪೋರ್ಟರ್ ಅನ್ನು ಹಳೆಯ ರೂಪಕ್ಕೆ ತರುವುದು ತುಂಬ ಖುಷಿ ಕೊಡುವ ಕೆಲಸ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೋದ ಮರವನ್ನು ಮತ್ತೆ ತರಬಹುದು, ಹೋದ ಉಕ್ಕನ್ನು ತರುವುದು ಕಷ್ಟ. ಒಂದು ಸ್ಕ್ರೂ ಕೊಳ್ಳುವ ಮೊದಲೇ ನಿಮ್ಮ ರೈಫಲ್ ಇವೆರಡರಲ್ಲಿ ಏನು ಕಳೆದುಕೊಂಡಿದೆ ಎಂದು ನೋಡಿ. ಇಲ್ಲಿ ಹೇಳುತ್ತಿರುವುದು 1907ರಲ್ಲಿ ಬಂದ ಮಾರ್ಕ್ 3 ಮತ್ತು ಅದರ ಯುದ್ಧಕಾಲದ ಸರಳ ರೂಪವಾದ ಮಾರ್ಕ್ 3 ಸ್ಟಾರ್ ಬಗ್ಗೆ.

ಕೈ ಹಾಕುವ ಮೊದಲು ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ (ತೋಟಾ ಒಳಗೆ ತಳ್ಳುವ, ಹಿಂದೆ ಮುಂದೆ ಜಾರುವ ಭಾಗ) ಎಳೆಯಿರಿ, ತೋಟಾ ಕೂರುವ ಚೇಂಬರ್ ಖಾಲಿ ಇದೆಯಾ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಲೈಸೆನ್ಸ್ ನಿಯಮಗಳನ್ನೂ ಮೊದಲೇ ತಿಳಿದುಕೊಳ್ಳಿ. ಬ್ರಿಟನ್‌ನಂಥ ಕಡೆ ಬಿಡಿ ಬ್ಯಾರೆಲ್ ಕೊಳ್ಳುವುದಕ್ಕೂ ಅನುಮತಿ ಬೇಕು.

ಮೊದಲು ಗುರುತು ಓದಿ

ಹಿಂದಿನ ಮರ ಬಂದು ಸೇರುವ ಉಕ್ಕಿನ ಭಾಗಕ್ಕೆ ಬಟ್ ಸಾಕೆಟ್ ಎನ್ನುತ್ತಾರೆ. ಅದರ ಬಲಬದಿಯನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿ, ಓರೆಯಾಗಿ ಟಾರ್ಚ್ ಹಿಡಿಯಿರಿ. ಕಿರೀಟ, ತಯಾರಕರ ಹೆಸರು, ವರ್ಷ, ಕೆಳಗೆ ಮಾದರಿ ಕಾಣುತ್ತವೆ. ಎನ್‌ಫೀಲ್ಡ್, ಬಿಎಸ್ಎ, ಆಸ್ಟ್ರೇಲಿಯಾದ ಲಿತ್ಗೋ, ಭಾರತದ ಈಶಾಪುರ, ಹೀಗೆ ಯಾವ ಕಾರ್ಖಾನೆಯದ್ದಾದರೂ ಇರಬಹುದು. ನೀವು ಹುಡುಕಬೇಕಾದ ಬಿಡಿಭಾಗ ಯಾವುದು ಎಂದು ಹೇಳುವುದು ಈ ಗುರುತೇ. 1907ರ ಮೂಲ ಮಾರ್ಕ್ 3ಕ್ಕೆ ಮ್ಯಾಗಜೀನ್ ಕಟ್‌ಆಫ್ (ಮ್ಯಾಗಜೀನ್‌ನಿಂದ ತೋಟಾ ಬರದಂತೆ ತಡೆಯುವ ತಗಡು) ಇತ್ತು, ಮರದ ಎಡಬದಿಗೆ ದೂರದ ಗುರಿಗಾಗಿ ವಾಲಿ ಸೈಟ್ ಇತ್ತು. ಸ್ಟಾರ್ ಮಾದರಿಯಲ್ಲಿ ಇವನ್ನು ಕೈಬಿಟ್ಟರು. ಲಿತ್ಗೋದಲ್ಲಿ ಕೋಚ್‌ವುಡ್, ಕ್ವೀನ್ಸ್‌ಲ್ಯಾಂಡ್ ಮೇಪಲ್ ಎಂಬ ಆಸ್ಟ್ರೇಲಿಯಾದ ಮರಗಳನ್ನೂ ಬಳಸಿದರು. ಲಿತ್ಗೋ ರೈಫಲ್‌ಗೆ ವಾಲ್‌ನಟ್ ಮರ ಕೂರಿಸಿದರೆ ನೋಡಲು ಚೆನ್ನಾಗಿಯೇ ಇರಬಹುದು. ಆದರೆ ಆ ವರ್ಷ ಆ ಕಾರ್ಖಾನೆಯಲ್ಲಿ ಯಾವ ಮರ ಓಡುತ್ತಿತ್ತು ಎಂದು ನೋಡಿಯೇ ನಿರ್ಧರಿಸಿ.

ಇನ್ನೊಂದು ಎಚ್ಚರ. ಆಸ್ಟ್ರೇಲಿಯಾದಲ್ಲಿ ಎಷ್ಟೋ ರೈಫಲ್‌ಗಳಿಗೆ .303 ಬದಲು .25 ಅಳತೆಯ ಬ್ಯಾರೆಲ್ ಹಾಕಿದ್ದರು. ಹೊರಗಿನಿಂದ ನೋಡಿದರೆ ಅನುಮಾನವೇ ಬರುವುದಿಲ್ಲ.

ಉಕ್ಕಿನ ತಪಾಸಣೆ

ಬ್ಯಾರೆಲ್ ಅಳೆಯಿರಿ. ಮೂಲದಲ್ಲಿ ಅದು 25.2 ಇಂಚು. ಗಿಡ್ಡ ಮಾಡಿದ್ದರೆ ಮುಂದಿನ ಸೈಟ್ ಕೂರುವ ಜಾಗವೂ ಹೋಗಿರುತ್ತದೆ, ನೋಸ್‌ಕ್ಯಾಪ್ ಸರಿಯಾಗಿ ಕೂರುವುದಿಲ್ಲ. ಆಗ ಉಳಿಯುವ ದಾರಿ ಒಂದೇ: ಗನ್‌ಸ್ಮಿತ್ ಕೈಯಲ್ಲಿ ಬ್ಯಾರೆಲ್ ಬದಲಿಸುವುದು. ತುಂಡು ಸೇರಿಸಿ ಬೆಸುಗೆ ಹಾಕುವ ಯೋಚನೆ ಬೇಡವೇ ಬೇಡ.

ಆಮೇಲೆ ಬೋಲ್ಟ್ ಓಡಾಡುವ ಉಕ್ಕಿನ ಒಡಲಾದ ರಿಸೀವರ್‌ನ ಮೇಲ್ಭಾಗ ನೋಡಿ. ದೂರದರ್ಶಕ ಕೂರಿಸಲು ಕೊರೆದ ತೂತುಗಳಿದ್ದರೆ ಅವಕ್ಕೆ ಸಣ್ಣ ಸ್ಕ್ರೂ ಹಾಕಿ ಮಟ್ಟ ಮಾಡಿಸಬಹುದು. ಬೆಸುಗೆಯಿಂದ ತುಂಬಿಸಬೇಡಿ. ರಿಸೀವರ್‌ಗೆ ಬಲ ಬಂದಿರುವುದು ಅದಕ್ಕೆ ಕೊಟ್ಟ ಹದದಿಂದ. ಬೆಸುಗೆಯ ಬಿಸಿ ಆ ಹದವನ್ನೇ ಕೆಡಿಸುತ್ತದೆ. ತೋಟಾಗಳ ಕ್ಲಿಪ್ ಕೂರುವ ಚಾರ್ಜರ್ ಬ್ರಿಡ್ಜ್ ಅನ್ನೇ ಅರೆದು ತೆಗೆದಿದ್ದಾರಾ? ಹಾಗಿದ್ದರೆ ಅದನ್ನು ಸ್ಪೋರ್ಟರ್ ಆಗಿಯೇ ಉಳಿಸಿಕೊಳ್ಳಿ. ಬರ್ಮಿಂಗ್‌ಹ್ಯಾಮ್‌ನ ಪಾರ್ಕರ್-ಹೇಲ್ ಕಂಪನಿ ಅಚ್ಚುಕಟ್ಟಾಗಿ ಮಾಡಿದ ಸ್ಪೋರ್ಟರ್‌ಗಳಿಗೂ ಇದೇ ನನ್ನ ಸಲಹೆ. ಅವುಗಳಿಗೂ ತಮ್ಮದೇ ಚರಿತ್ರೆ ಇದೆ.

ಬಿಚ್ಚುವ ಕ್ರಮ

ಇಲ್ಲಿ ಅವಸರ ಮಾಡಿದವರೇ ಜಾಸ್ತಿ ಹಾಳುಮಾಡುವುದು. ಮೊದಲು ಮುಂದಿನ ಮರ ಬಿಚ್ಚಬೇಕು, ಆಮೇಲೆ ಹಿಂದಿನ ಮರ. ಕಾರಣ ಇದೆ. ಹಿಂದಿನ ಮರವನ್ನು ಹಿಡಿದಿರುವ ಉದ್ದನೆಯ ಬೋಲ್ಟ್‌ನ (ಇದು ತೋಟಾ ತಳ್ಳುವ ಬೋಲ್ಟ್ ಅಲ್ಲ, ಉದ್ದದ ಸ್ಕ್ರೂ) ತುದಿ ಚೌಕವಾಗಿದೆ. ಅದು ಬಟ್ ಸಾಕೆಟ್ ದಾಟಿ ಬಂದು ಮುಂದಿನ ಮರದಲ್ಲಿರುವ ಸಣ್ಣ ತಗಡಿನ ಸೀಳಿನಲ್ಲಿ ಕೂತಿರುತ್ತದೆ. ಮುಂದಿನ ಮರ ಜಾಗದಲ್ಲಿದ್ದಾಗಲೇ ಆ ಬೋಲ್ಟ್ ತಿರುಗಿಸಿದರೆ ಚೌಕದ ಮೂಲೆಗಳು ತಗಡನ್ನು ಒತ್ತಿ ಮರವನ್ನು ಸೀಳುತ್ತವೆ. ಹಳೆಯ ಮರಗಳ ಹಿಂತುದಿಯಲ್ಲಿ ಕಾಣುವ ಎಷ್ಟೋ ಬಿರುಕುಗಳು ಹೀಗೆ ಆದವು.

ಸ್ಕ್ರೂವಿನ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ. ಅಂಚು ಕಿತ್ತ ಸ್ಕ್ರೂ ನೋಡಲೂ ಚೆಂದವಲ್ಲ, ಇನ್ನೊಮ್ಮೆ ಬಿಚ್ಚಲೂ ಬರುವುದಿಲ್ಲ. ಎನ್‌ಫೀಲ್ಡ್ ಸ್ಕ್ರೂಗಳ ಎಳೆಗಳೂ ಬೇರೆ. ಕೈಗೆ ಸಿಕ್ಕ ಸ್ಕ್ರೂ ಒತ್ತಾಯದಿಂದ ತುರುಕಬೇಡಿ.

ಬಿಡಿಭಾಗಗಳ ಪಟ್ಟಿ ಹೀಗೆ ಬರುತ್ತದೆ: ಉದ್ದನೆಯ ಮುಂದಿನ ಮರ, ಹಿಂದಿನ ಮತ್ತು ಮುಂದಿನ ಹ್ಯಾಂಡ್‌ಗಾರ್ಡ್, ನಡುವಿನ ಔಟರ್ ಬ್ಯಾಂಡ್, ಇನ್ನರ್ ಬ್ಯಾಂಡ್ ಮತ್ತು ಅದರ ಸ್ಪ್ರಿಂಗ್, ನೋಸ್‌ಕ್ಯಾಪ್, ಅದರ ಸ್ಕ್ರೂಗಳು, ಮೂತಿಯ ಬಳಿ ಬ್ಯಾರೆಲ್ ಅನ್ನು ಕೆಳಗಿನಿಂದ ಒತ್ತುವ ಸಣ್ಣ ಸ್ಟಡ್ ಮತ್ತು ಸ್ಪ್ರಿಂಗ್. ಟ್ರಿಗರ್ ಗಾರ್ಡ್‌ನ ಮುಂದಿನ ಸ್ಕ್ರೂ ಸುತ್ತ ಒಂದು ಲೋಹದ ಕಾಲರ್ ಇರುತ್ತದೆ, ಅದನ್ನು ಮರೆಯಬೇಡಿ. ಅದಿಲ್ಲದೆ ಸ್ಕ್ರೂ ಬಿಗಿ ಮಾಡಿದರೆ ಮರ ಜಜ್ಜಿಹೋಗುತ್ತದೆ. ಹಳೆಯ ಬೇಟೆಗಾರರು ಹಿಂದಿನ ಮರಕ್ಕೆ ರಬ್ಬರ್ ಪ್ಯಾಡ್ ಹಾಕಲು ತುದಿ ಕೊಯ್ದಿದ್ದರೆ ಅದನ್ನೂ ಬದಲಿಸಬೇಕು. ಅದು ನಾಲ್ಕು ಅಳತೆಗಳಲ್ಲಿ ಬರುತ್ತಿತ್ತು, ನಾರ್ಮಲ್ ಅಳತೆ ಬಹುತೇಕರಿಗೆ ಸರಿಹೋಗುತ್ತದೆ.

ಮರ ಕೂರಿಸುವುದೇ ನಿಜವಾದ ಕೆಲಸ

ಮುಂದಿನ ಮರದ ಹಿಂತುದಿಯಲ್ಲಿ, ಒಳಗೆ, ಎರಡು ಭುಜಗಳಿವೆ. ಇವಕ್ಕೆ ಡ್ರಾಸ್ ಎನ್ನುತ್ತಾರೆ. ಗುಂಡು ಹಾರಿದಾಗ ಹಿಂದಕ್ಕೆ ಬರುವ ಒದೆತವನ್ನು ಮರ ತಾಳಿಕೊಳ್ಳುವುದು ಇಲ್ಲೇ. ಎರಡೂ ಭುಜ ಉಕ್ಕಿಗೆ ಸಮನಾಗಿ ಅಂಟಿಕೊಂಡಿರಬೇಕು. ಒಂದು ಕಡೆ ಕೂದಲೆಳೆಯಷ್ಟು ಸಂದು ಇದ್ದರೂ ಪೂರ್ತಿ ಒದೆತ ಇನ್ನೊಂದು ಭುಜದ ಮೇಲೆ ಬಿದ್ದು ಮರ ಸೀಳುತ್ತದೆ. ಲಿತ್ಗೋದವರು ತಮ್ಮ ಮೆದು ಮರಕ್ಕೆ ಇಲ್ಲಿ ತಾಮ್ರದ ಸಣ್ಣ ತಗಡು ಕೂರಿಸುತ್ತಿದ್ದುದು ಇದಕ್ಕೇ.

ಪರೀಕ್ಷೆ ಸುಲಭ. ಉಕ್ಕಿನ ಮೇಲೆ ತೆಳ್ಳಗೆ ಕಾಡಿಗೆ ಸವರಿ ಮರ ಕೂರಿಸಿ, ಒತ್ತಿ, ಬಿಚ್ಚಿ. ಕಪ್ಪು ಹತ್ತಿದ ಕಡೆ ಮರ ಉಬ್ಬಿದೆ ಎಂದರ್ಥ. ಚೂಪಾದ ಉಳಿಯಿಂದ ಅಷ್ಟೇ ಕೆರೆದು ಮತ್ತೆ ಕೂರಿಸಿ. ಎರಡೂ ಭುಜಗಳಲ್ಲಿ ಒಂದೇ ಥರದ ಗುರುತು ಬರುವವರೆಗೆ ಇದೇ ಕೆಲಸ. ಭುಜ ಸವೆದುಹೋಗಿದ್ದರೆ ಗಟ್ಟಿ ಮರದ ತುಂಡು ಅಂಟಿಸಿ ಮತ್ತೆ ಹದ ಮಾಡಬಹುದು. ಬ್ಯಾರೆಲ್ ನಡುಭಾಗ ಮಾತ್ರ ಮರದ ಬದಿಗಳಿಗೆ ಒತ್ತಿಕೊಳ್ಳಬಾರದು.

ಬಣ್ಣ ಮತ್ತು ಎಣ್ಣೆ

ಹಳೆಯ ಮರಕ್ಕೆ ಸ್ಯಾಂಡ್ ಪೇಪರ್ ಹಾಕಬೇಡಿ. ಅದರ ಮೇಲಿನ ಮುದ್ರೆಗಳು, ದುರಸ್ತಿ ಗುರುತುಗಳು ಒಮ್ಮೆ ಹೋದರೆ ಹೋದವೇ. ತಗ್ಗುಗಳಿದ್ದರೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿ, ಹಬೆಗೆ ಮರ ಮೇಲೆದ್ದು ಬರುತ್ತದೆ. ಬೇಟೆಗಾರರು ಬಳಿದ ಹೊಳಪಿನ ವಾರ್ನಿಶ್ ಇದ್ದರೆ ಕರಗಿಸಿ ತೆಗೆದು, ಹಸಿ ಅಗಸೆ ಎಣ್ಣೆಯನ್ನು ತೆಳ್ಳಗೆ ಕೈಯಿಂದ ತಿಕ್ಕಿ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ. ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಡಬೇಡಿ, ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ.

ಹೊಸದಾಗಿ ಹಾಕಿದ ನೋಸ್‌ಕ್ಯಾಪ್ ಅಥವಾ ಮರದ ಮೇಲೆ ಹಳೆಯ ಸೀರಿಯಲ್ ನಂಬರ್ ಒತ್ತಿಸುವುದು ನನಗೆ ಒಪ್ಪಿಗೆಯಿಲ್ಲ. ಮುಂದೆ ಕೊಳ್ಳುವವರಿಗೆ ಅದು ಮೋಸ. ಏನೇನು ಬದಲಾಯಿಸಿದಿರಿ ಎಂದು ಒಂದು ಹಾಳೆಯಲ್ಲಿ ಬರೆದು, ಕೊಯ್ದ ಹಳೆಯ ಮರದ ಜೊತೆಗೇ ಎತ್ತಿಡಿ.

ಕೊನೆಗೆ ಗನ್‌ಸ್ಮಿತ್ ಹತ್ತಿರ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್‌ನ ಮುಖಕ್ಕೂ ಚೇಂಬರ್‌ಗೂ ನಡುವೆ ತೋಟಾಕ್ಕೆ ಇರುವ ಜಾಗ) ಅಳೆಸದೆ ಗುಂಡು ಹಾರಿಸಬೇಡಿ. ಬೋಲ್ಟ್ ಮೇಲಿನ ನಂಬರ್ ರಿಸೀವರ್ ನಂಬರ್‌ಗೆ ಹೊಂದದಿದ್ದರೆ ಇದು ಇನ್ನೂ ಮುಖ್ಯ. ಮೊದಲ ಹತ್ತು ಗುಂಡು ಹಾರಿಸಿದ ಮೇಲೆ ಮರ ಬಿಚ್ಚಿ ಡ್ರಾಸ್ ಇನ್ನೊಮ್ಮೆ ನೋಡಿ, ಟ್ರಿಗರ್ ಗಾರ್ಡ್‌ನ ಮುಂದಿನ ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡಿ.