ಒಂದೇ ಫ್ಲೈ ಲೈನ್ ಕೊಳ್ಳುವುದಾದರೆ ಯಾವುದು?

ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಹಾಗಲ್ಲ. ಇಲ್ಲಿ ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ನಕಲಿ ಹುಳುವೇ (ಫ್ಲೈ) ಆಮಿಷ, ಅದಕ್ಕೆ ತೂಕವೇ ಇರುವುದಿಲ್ಲ. ದೂರ ಹೋಗುವುದು ದಪ್ಪನೆಯ ಲೈನಿನ ಭಾರಕ್ಕೆ. ಆದ್ದರಿಂದ ರೀಲಿನ ಖರ್ಚಲ್ಲಿ ಸ್ವಲ್ಪ ಹಿಡಿದು ಲೈನಿಗೆ ಹಾಕಿ.

ಮೊದಲು ರಾಡಿನಲ್ಲಿ ಹಿಡಿಯಿಂದ ತುಸು ಮೇಲಕ್ಕೆ ಬರೆದಿರುವ ನಂಬರ್ ನೋಡಿ. ಲೈನೂ ಅದೇ ನಂಬರಿನದಾಗಬೇಕು. ರಾಡ್ ಇನ್ನೂ ಕೊಂಡಿಲ್ಲವೇ? ಮೈಸೂರು, ಮಂಡ್ಯದ ಕೆರೆಗಳ ಜಿಲೇಬಿ, ಗೆಂಡೆ ಮೀನಿಗೆ 6 ಸಾಕು. 6ರ ಲೈನಿನಲ್ಲಿ ಮೊದಲ 30 ಅಡಿ 160 ಗ್ರೇನ್, ಅಂದರೆ ಸುಮಾರು 10 ಗ್ರಾಂ ತೂಗಬೇಕು. ಕೆಲವು ಕಂಪನಿಗಳು ಬೇಕೆಂದೇ ಅರ್ಧ ನಂಬರ್ ಜಾಸ್ತಿ ಭಾರ ಕೊಡುತ್ತವೆ. ಹೊಸಬರಿಗೆ ಅದು ಒಳ್ಳೆಯದೇ, ಹತ್ತಿರದ ಎಸೆತಕ್ಕೂ ರಾಡ್ ಬಾಗುತ್ತದೆ.

ಆಮೇಲೆ ಡಬ್ಬದ ಮೇಲಿನ ಅಕ್ಷರಗಳು. ‘ಡಬ್ಲ್ಯುಎಫ್-6-ಎಫ್’ ಅಂತಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಡಬ್ಲ್ಯುಎಫ್ ಅಂದರೆ ಭಾರವೆಲ್ಲ ಮುಂಭಾಗದಲ್ಲಿ, ಹಿಂದೆ ತೆಳು. ಕೆಆರ್‌ಎಸ್ ಹಿನ್ನೀರಿನ ಕಡೆಯ ಆಷಾಢದ ಗಾಳಿಯನ್ನು ಸೀಳಿಕೊಂಡು ಹೋಗಲು ಇದೇ ಬೇಕು. ‘ಡಿಟಿ’ ಲೈನಿನ ಎರಡು ತುದಿಯೂ ಒಂದೇ ರೀತಿ ತೆಳುವಾಗಿರುತ್ತವೆ; ಒಂದು ತುದಿ ಸವೆದರೆ ತಿರುಗಿಸಿ ಸುತ್ತಬಹುದು, ಉಳಿತಾಯವೇ. ಆದರೆ ದೂರ ಎಸೆಯಲು ಕಷ್ಟ. ಕೊನೆಯ ಎಫ್ ಅಂದರೆ ತೇಲುವ ಲೈನ್, ಎಸ್ ಅಂದರೆ ಮುಳುಗುವುದು. ತೇಲುವ ಲೈನಿಗೆ ಉದ್ದನೆಯ ಲೀಡರ್ (ಲೈನಿಗೂ ಹುಳುವಿಗೂ ನಡುವಿನ ತೆಳು ದಾರ), ಭಾರದ ಮಣಿ ಪೋಣಿಸಿದ ಹುಳು ಕಟ್ಟಿದರೆ ಆಳದ ಮೀನನ್ನೂ ಕೆಣಕಬಹುದು. ಮುಳುಗುವ ಲೈನನ್ನು ತೇಲಿಸಲು ಆಗುವುದಿಲ್ಲವಲ್ಲ!

ನಮ್ಮವರು ಎಡವುವುದು ಹೊರಪದರದಲ್ಲಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಲೈನುಗಳು ಟ್ರೌಟ್ ಮೀನಿನ ತಣ್ಣೀರಿಗೆ ಮಾಡಿದವು. ಏಪ್ರಿಲ್ ಬಿಸಿಲಿಗೆ ಅವು ಮೆತ್ತಗಾಗಿ, ರಾಡಿನ ಉಂಗುರಗಳಿಗೆ ಅಂಟಿಕೊಂಡು ಜಾರುವುದೇ ಇಲ್ಲ. ‘ಟ್ರಾಪಿಕಲ್’ ಅಥವಾ ‘ವಾರ್ಮ್ ವಾಟರ್’ ಎಂದು ಬರೆದಿದೆಯಾ ನೋಡಿ. ಇದೊಂದಕ್ಕೆ ನಾಲ್ಕು ಕಾಸು ಹೆಚ್ಚಾದರೂ ಕೊಡಿ. ಊಟಿಯ ಚಳಿಗೆ ಅದೇ ಲೈನ್ ಸುರುಳಿ ಸುರುಳಿಯಾಗುತ್ತದೆ, ಅದು ಬೇರೆ ಮಾತು.

ರೀಲಿಗೆ ಸುತ್ತುವಾಗ ಮೊದಲು ಬ್ಯಾಕಿಂಗ್, ಅಂದರೆ ಲೈನಿನ ಹಿಂದೆ ಇರುವ ತೆಳು ದಾರ, ಅದಕ್ಕೆ ಲೈನಿನ ತೆಳು ತುದಿ, ಮುಂದಿನ ತುದಿಗೆ ಲೀಡರ್. ಕೊಕ್ಕೆಯ ಬದಲು ಉಲ್ಲನ್ ಚೂರು ಕಟ್ಟಿ ಹುಲ್ಲಿನ ಮೈದಾನದಲ್ಲಿ ಬೀಸಿ ಅಭ್ಯಾಸ ಮಾಡಿ.

ನೀರಿಗೆ ಇಳಿಯುವ ಮುಂಚೆ ಕೇಳಿಕೊಳ್ಳಿ. ಎಷ್ಟೋ ಕೆರೆಗಳ ಮೀನು ಗುತ್ತಿಗೆ ಹಿಡಿದವರ ಪಾಲು. ರಂಗನತಿಟ್ಟು, ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವ ಯೋಚನೆಯೇ ಬೇಡ.

ಮನೆಗೆ ಬಂದ ಮೇಲೆ ತೆಳು ಸೋಪಿನ ನೀರಿನಲ್ಲಿ ಲೈನ್ ಒರೆಸಿಡಿ. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಮಾತ್ರ ಮುಟ್ಟಬೇಡಿ, ಪದರ ಹಾಳಾಗುತ್ತದೆ.