ಬಿಳಿ ಹೂವಿನ ಅಂಗಳಕ್ಕೆ ಗಿಡ ಆರಿಸುವುದು ಹೇಗೆ?

ನರ್ಸರಿಗೆ ಹೋದವರು ನಡುಹಗಲಿನಲ್ಲಿ ಕಣ್ಣು ಕೋರೈಸುವ ಕೆಂಪಿಗೇ ಮರುಳಾಗಿ ಬರುತ್ತಾರೆ. ಆದರೆ ಕಾರವಾರ, ಕುಮಟಾ ಕಡೆ ಮನೆಮಂದಿ ಅಂಗಳಕ್ಕೆ ಬಂದು ಕೂರುವುದು ಸೆಕೆ ಇಳಿದ ಮುಸ್ಸಂಜೆಯಲ್ಲಿ. ಆ ಹೊತ್ತಿಗೆ ಕೆಂಪು ದಾಸವಾಳ ಕತ್ತಲಲ್ಲಿ ಕರಗಿರುತ್ತದೆ. ಬಿಳಿ, ಕೆನೆ, ತಿಳಿಹಳದಿ ಹೂಗಳಷ್ಟೇ ಎದ್ದು ಕಾಣುತ್ತವೆ. ಇರುಳಲ್ಲಿ ಅರಳುವ ಹೂಗಳು ಬಹುಪಾಲು ಬಿಳಿಯಾಗಿ, ಘಮಘಮಿಸುವುದೂ ಪತಂಗಗಳನ್ನು ಕರೆಯಲೆಂದೇ.

ಹಾಗಾಗಿ ಮೊದಲು ಗಿಡವನ್ನಲ್ಲ, ಜಾಗವನ್ನು ಆರಿಸಿ. ಸಂಜೆ ನೀವು ಕೂರುವ ಜಗಲಿಯಿಂದಲೇ ನೋಡಿ. ಹಿಂದೆ ಹಲಸು, ಅಡಿಕೆಯಂಥ ಕಡುಹಸಿರು ಇದ್ದರೆ ಬಿಳಿ ಹೂವಿಗೆ ಕಳೆ ಬರುತ್ತದೆ. ಸುಣ್ಣ ಹೊಡೆದ ಗೋಡೆಯ ಮುಂದೆ ಎಷ್ಟು ಅರಳಿದರೂ ವ್ಯರ್ಥ.

ಎರಡನೆಯದು ಮಳೆ. ಇಲ್ಲಿ ಬಿಳಿ ಹೂವಿನ ನಿಜವಾದ ಪರೀಕ್ಷೆ ಅದೇ. ನಂದಿಬಟ್ಟಲಿನಲ್ಲಿ ಹಲವರು ಸುತ್ತು ಸುತ್ತಾದ ದಪ್ಪ ಹೂವನ್ನು ಕೇಳಿ ತರುತ್ತಾರೆ. ಜೂನ್ ಬಂದರೆ ಅದರ ಎಸಳುಗಳ ನಡುವೆ ನೀರು ನಿಂತು, ಅಂಚು ಕಂದಾಗಿ, ಹೂವು ಗಿಡದಲ್ಲೇ ಕೊಳೆತು ಜೋತುಬೀಳುತ್ತದೆ. ಐದೇ ಎಸಳಿನದರಲ್ಲಿ ನೀರು ನಿಲ್ಲದೆ ಜಾರಿಹೋಗುತ್ತದೆ. ನಮ್ಮ ಮಳೆಗೆ ನಾನು ಹೇಳುವುದು ಐದೆಸಳಿನದನ್ನೇ. ಅರೆನೆರಳಿದ್ದರೂ ನಡೆಯುತ್ತದೆ, ಮಳೆಗಾಲದಲ್ಲಿ ಗೆಲ್ಲು ನೆಟ್ಟರೆ ಬೇರೂರುತ್ತದೆ. ಸುಗಂಧರಾಜದ ಗೆಡ್ಡೆಯನ್ನು ಮಾತ್ರ ನೆಲಕ್ಕೆ ಹಾಕಬೇಡಿ, ನೀರು ನಿಂತರೆ ಕೊಳೆಯುತ್ತದೆ. ಏರುಮಡಿ ಇಲ್ಲವೇ ಕುಂಡ ಒಳ್ಳೆಯದು.

ಮಳೆಯ ಜೊತೆಗೇ ಕೆಂಪು ಮಣ್ಣಿನ ಕಾಟ. ಸೂರಿನ ನೀರು ಬಿದ್ದು ರಾಡಿ ಸಿಡಿದರೆ ತಗ್ಗಿನ ಹೂಗಳೆಲ್ಲ ಕೆಸರುಬಣ್ಣ. ಬುಡಕ್ಕೆ ದರಕನ್ನು, ಅಂದರೆ ಉದುರಿದ ಒಣ ಎಲೆಗಳನ್ನು, ದಪ್ಪಗೆ ಹಾಸಿ, ಕುಳ್ಳ ಗಿಡಗಳನ್ನು ಸೂರಿನಿಂದ ಆಚೆ ನೆಡಿ.

ಇನ್ನು ಮಣ್ಣು. ಶಿರಸಿ ಕಡೆಯ ಹುಳಿ ಮಣ್ಣು ಅನಂತಪುಷ್ಪಕ್ಕೆ ಹೇಳಿ ಮಾಡಿಸಿದಂತಿದೆ. ಅಚ್ಚ ಬಿಳಿಯಾಗಿ ಅರಳಿ ಮರುದಿನಗಳಲ್ಲಿ ಕೆನೆಬಣ್ಣಕ್ಕೆ ತಿರುಗುವ ಈ ಹೂವು ಒಂದೇ ಗಿಡದಲ್ಲಿ ಎರಡು ಛಾಯೆ ಕೊಡುತ್ತದೆ. ಉಪ್ಪುಗಾಳಿ ಬೀಸುವ ಮರಳು ನೆಲಕ್ಕೆ ನಡುವೆ ಹಳದಿಯಿರುವ ಬಿಳಿ ದೇವಕಣಗಿಲೆ ಒಗ್ಗುತ್ತದೆ. ತೋಟದ ಕಾಲುವೆ ಬದಿಯ ಒದ್ದೆಗೆ ಸುರುಳಿ ಸುಗಂಧಿ.

ಕೊನೆಗೆ ತಿಂಗಳ ಲೆಕ್ಕ. ಎಲ್ಲವೂ ಒಟ್ಟಿಗೆ ಅರಳಿ ಮುಗಿದರೆ ಉಳಿದ ಕಾಲ ಅಂಗಳ ಬರಿದು. ಬೇಸಿಗೆಗೆ ದುಂಡುಮಲ್ಲಿಗೆ: ಚಳಿಗಾಲದಲ್ಲೇ ಸವರಿ ಗೊಬ್ಬರ ಕೊಟ್ಟರೆ ಹೊಸ ಚಿಗುರಿನಲ್ಲಿ ಮೊಗ್ಗು ಬರುತ್ತದೆ. ಮಳೆಗಾಲಕ್ಕೆ ಸುರುಳಿ ಸುಗಂಧಿ, ಮಳೆ ಹಿಂದೆ ಸರಿಯುವ ಹೊತ್ತಿಗೆ ಪಾರಿಜಾತ. ಸಂಜೆ ಅರಳಿ ನಸುಕಿನಲ್ಲಿ ಉದುರುವ ಪಾರಿಜಾತವನ್ನು ಸಗಣಿ ಸಾರಿಸಿದ ಅಂಗಳದ ಅಂಚಿಗೇ ನೆಟ್ಟರೆ ಆರಿಸಿಕೊಳ್ಳಲು ಸುಲಭ.

ಹಿತ್ತಲು ದೊಡ್ಡದಿದ್ದವರು ಒಂದು ಸುರಗಿ ನೆಡಲೇಬೇಕು. ಅಂಕೋಲಾ, ಕುಮಟಾ ಸೀಮೆಯ ಈ ಮರ ಚಳಿ ಕಳೆಯುವಾಗ ಎಲೆಯಿಲ್ಲದ ಹಳೆಯ ಗೆಲ್ಲಿನ ಗಂಟುಗಳಲ್ಲಿ ಗೊಂಚಲು ಗೊಂಚಲಾಗಿ ಮೊಗ್ಗು ಬಿಡುತ್ತದೆ. ಒಡೆದರೆ ಬಿಳಿ ಎಸಳು, ನಡುವೆ ಹಳದಿ ಕೇಸರದ ಕುಚ್ಚು. ಒಣಗಿದ ಮಾಲೆಗೂ ಪರಿಮಳ ಉಳಿದಿರುತ್ತದೆ. ಹೂವಿಗೆ ವರ್ಷಗಟ್ಟಲೆ ಕಾಯಬೇಕು, ಮರವೂ ದೊಡ್ಡದಾಗುತ್ತದೆ. ಆದ್ದರಿಂದ ಗೋಡೆ, ಬಾವಿಯಿಂದ ದೂರ ಹೊಂಡ ತೆಗೆದು, ಮೊದಲ ಮಳೆ ನೆಲಕ್ಕಿಳಿದ ಕೂಡಲೇ ಸಸಿ ಇಡಿ.