ಫೌಜಿನಲ್ಲಿ ಸಸ್ಯಾಹಾರ: ಲಂಗರ್‌ನಿಂದ ಹಿಮದ ಪೋಸ್ಟ್‌ವರೆಗೆ ನಿಭಾಯಿಸುವುದು ಹೇಗೆ?

ಸೇನೆ ಸೇರಿದರೆ ಮಾಂಸ ತಿನ್ನಲೇಬೇಕು ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅದು ಸುಳ್ಳು. ಭಾರತೀಯ ಸೇನೆಯಲ್ಲಿ ಸಸ್ಯಾಹಾರಿಗಳಿಗೆ ಮಾಂಸದ ಬದಲು ಹಾಲು, ಪನೀರ್‌ನಂಥ ಪದಾರ್ಥ ಕೊಡುವ ವ್ಯವಸ್ಥೆ ಹಿಂದಿನಿಂದಲೂ ಇದೆ. ತೊಡಕಿರುವುದು ಪ್ರಮಾಣದಲ್ಲಿ. ಮಾಂಸ ಬಿಟ್ಟ ಜಾಗವನ್ನು ಹುಡುಗರು ಇನ್ನೆರಡು ಚಪಾತಿ, ಒಂದಿಷ್ಟು ಆಲೂ ಪಲ್ಯದಿಂದ ತುಂಬಿಸಿಕೊಳ್ಳುತ್ತಾರೆ. ಹೊಟ್ಟೆ ತುಂಬುತ್ತದೆ, ಆದರೆ ಕೆಲವು ವಾರಗಳಲ್ಲೇ ಓಟದಲ್ಲಿ ಹಿಂದೆ ಬೀಳತೊಡಗುತ್ತಾರೆ.

ಮೊದಲ ವಾರದಲ್ಲೇ ಹೆಸರು ಬರೆಸಿ

ಟ್ರೇನಿಂಗ್ ಸೆಂಟರ್ ಸೇರಿದ ಕೂಡಲೇ ನಿಮ್ಮ ಪ್ಲಟೂನ್‌ನ ಉಸ್ತಾದ್‌ಗೆ, ಅಂದರೆ ತರಬೇತುದಾರರಿಗೆ, ಹೇಳಿ: ‘ಶ್ರೀಮಾನ್, ಮೈಂ ಶಾಕಾಹಾರಿ ಹೂಂ.’ ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಎಂಬುದನ್ನೂ ಆಗಲೇ ಬಿಡಿಸಿ ಹೇಳಿ. ಎಷ್ಟು ಜನ ಸಸ್ಯಾಹಾರಿಗಳು ಎಂಬ ಲೆಕ್ಕದ ಮೇಲೆಯೇ ಲಂಗರ್‌ಗೆ, ಅಂದರೆ ಜವಾನರ ಸಾಮೂಹಿಕ ಅಡುಗೆಮನೆಗೆ, ಸಾಮಾನು ಬರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವನು ಪನೀರ್ ದಿನ ಸಾಲಿನಲ್ಲಿ ನಿಂತರೆ ಇನ್ನೊಬ್ಬನ ಪಾಲು ಕಡಿಮೆಯಾಗುತ್ತದೆ, ಜಗಳ ಅಲ್ಲಿಂದಲೇ ಶುರು. ಒಂದು ದಿನ ಸಸ್ಯಾಹಾರಿ, ಬಡಾ ಖಾನಾ (ಯೂನಿಟ್‌ನ ಔತಣ) ದಿನ ಮಾಂಸಾಹಾರಿ ಆಗುವವರ ಮಾತನ್ನು ಲಂಗರ್ ಕಮಾಂಡರ್ ಆಮೇಲೆ ನಂಬುವುದಿಲ್ಲ. ಪೋಸ್ಟಿಂಗ್ ಬದಲಾದಾಗಲೆಲ್ಲ ಹೊಸ ಯೂನಿಟ್‌ನಲ್ಲಿ ಮತ್ತೆ ಬರೆಸಬೇಕು.

ಅಡುಗೆಯವರನ್ನು ಕೇಳಿಕೊಳ್ಳಬೇಕಾದ್ದು ಮೂರೇ ಸಂಗತಿ: ಸೌಟು ಬೇರೆ ಇರಲಿ, ಮೀನು ಕರಿದ ಎಣ್ಣೆಯಲ್ಲಿ ಪೂರಿ ಬೇಡ, ಮಾಂಸದ ತುಂಡು ತೆಗೆದು ಬರೀ ರಸ ಬಡಿಸುವುದು ಬೇಡ. ಈರುಳ್ಳಿ-ಬೆಳ್ಳುಳ್ಳಿಯನ್ನೂ ತಿನ್ನದ ಮನೆಯಿಂದ ಬಂದವರಿಗೆ ದೊಡ್ಡ ಲಂಗರ್‌ನಲ್ಲಿ ಬೇರೆ ಅಡುಗೆ ಆಗುವ ಮಾತಲ್ಲ. ಒಗ್ಗರಣೆಗೆ ಮುಂಚೆ ಬೆಂದ ಬೇಳೆಯನ್ನು ಒಂದು ಡಬ್ಬಿಗೆ ತೆಗೆದಿಡಲು ಕೇಳಿದರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಏಕಾದಶಿಯಂಥ ಉಪವಾಸವಿದ್ದರೆ ಉಸ್ತಾದ್‌ಗೆ ಮೊದಲೇ ತಿಳಿಸಿ. ದೈಹಿಕ ಸಾಮರ್ಥ್ಯ ಪರೀಕ್ಷೆಯ ಓಟದ ದಿನ ನಿರ್ಜಲ ಉಪವಾಸ ಬೇಡವೇ ಬೇಡ, ಬಿಸಿಲಾಘಾತಕ್ಕೆ ಅದು ನೇರ ದಾರಿ.

ತಟ್ಟೆಯಲ್ಲಿ ಎಷ್ಟು ಇರಬೇಕು?

ಭಾರಿ ಶ್ರಮದ ಕೆಲಸ ಮಾಡುವ ಗಂಡಸಿಗೆ ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಅಗತ್ಯ ದಿನಕ್ಕೆ ಸುಮಾರು 3,470 ಕಿಲೋ ಕ್ಯಾಲೊರಿ. ಅದು ಹೇಗೋ ಸಿಕ್ಕಿಬಿಡುತ್ತದೆ. ಪ್ರೋಟೀನ್ ವಿಷಯ ಹಾಗಲ್ಲ. ಕಠಿಣ ತರಬೇತಿಯಲ್ಲಿರುವವರು ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ ಇಟ್ಟುಕೊಳ್ಳುವುದು ಒಳ್ಳೆಯದು. 65 ಕಿಲೋ ತೂಗುವ ಹುಡುಗನಿಗೆ ಅದು ಹೆಚ್ಚೂಕಡಿಮೆ 90 ಗ್ರಾಂ.

ಒಂದು ದಿನದ ಲೆಕ್ಕ ಹೀಗೆ ಕೂಡುತ್ತದೆ. ಗೋಧಿ ಹಿಟ್ಟು 350 ಗ್ರಾಂ ತಿಂದರೆ 37 ಗ್ರಾಂ ಪ್ರೋಟೀನ್, ಅಕ್ಕಿ 150 ಗ್ರಾಂಗೆ 12, ಒಣ ಬೇಳೆ 100 ಗ್ರಾಂಗೆ 22, ಅರ್ಧ ಲೀಟರ್ ಹಾಲಿಗೆ 16, ಒಂದು ಹಿಡಿ ಕಡಲೆಕಾಯಿಗೆ, ಅಂದರೆ 50 ಗ್ರಾಂಗೆ, 12. ಒಟ್ಟು 99. ಇದರಲ್ಲಿ ಅರ್ಧ ಬರೀ ಧಾನ್ಯದ್ದು, ಧಾನ್ಯದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಬೇಳೆ, ಹಾಲು ಅದನ್ನು ತುಂಬಿಕೊಡುತ್ತವೆ. ಹಾಗಾಗಿ ಚಪಾತಿ ಹೆಚ್ಚಿಸಿ ಬೇಳೆ ಬಿಡುವುದು ಮೋಸದ ಲೆಕ್ಕ.

ಎಡವುವುದು ಎಲ್ಲಿ ಎಂದರೆ ದಾಲ್‌ನಲ್ಲಿ. ನೀರಾದ ದಾಲ್‌ನ ಒಂದು ಸೌಟಿನಲ್ಲಿ ಒಣ ಬೇಳೆ 20 ಗ್ರಾಂ ಇದ್ದರೆ ಸಿಗುವ ಪ್ರೋಟೀನ್ ನಾಲ್ಕೇ ಗ್ರಾಂ ಚಿಲ್ಲರೆ. ದೊಡ್ಡ ಹಂಡೆಯ ತಳದಿಂದ ಕಲಕಿ ಹಾಕಲು ಹೇಳಿ, ಎರಡು ಸೌಟು ಹಾಕಿಸಿಕೊಳ್ಳಿ, ಎರಡೂ ಹೊತ್ತು. ರಾಜ್ಮಾ, ಕಾಬೂಲಿ ಕಡಲೆ ಇದ್ದ ದಿನ ಸಂಕೋಚ ಬಿಡಿ. ಕೊರತೆ ಬಿದ್ದರೆ 30 ಗ್ರಾಂ ಸೋಯಾ ಚಂಕ್ಸ್‌ನಲ್ಲೇ 15 ಗ್ರಾಂ ಸಿಗುತ್ತದೆ. ಪ್ರೋಟೀನ್ ಪುಡಿಯ ದುಬಾರಿ ಡಬ್ಬಿಗೆ ಸಂಬಳ ಸುರಿಯುವುದಕ್ಕಿಂತ ಕ್ಯಾಂಟೀನ್‌ನ ಕಡಲೆಕಾಯಿ ಚಿಕ್ಕಿ ಸಾಕು.

ಮುದ್ದೆ ತಿಂದು ಬೆಳೆದವರಿಗೆ ಒಂದು ಸಿಹಿ ಸುದ್ದಿಯೂ ಇದೆ. ಅರ್ಧ ಶತಮಾನಕ್ಕೂ ಹಿಂದೆ ಕೈಬಿಟ್ಟಿದ್ದ ಸಿರಿಧಾನ್ಯವನ್ನು ಸೇನೆ 2023ರಲ್ಲಿ ರೇಷನ್‌ಗೆ ಮರಳಿ ತಂದಿತು. ಸಜ್ಜೆ, ಜೋಳ, ರಾಗಿ ಹಿಟ್ಟನ್ನು ಅಕ್ಕಿ-ಗೋಧಿ ಪಾಲಿನ ಶೇ 25ರವರೆಗೆ ಬೇಡಿಕೆ ನೋಡಿ ಕೊಡಬಹುದು. ಬೇಡಿಕೆ ಸಲ್ಲಿಸುವವರು ಇಲ್ಲದಿದ್ದರೆ ಬರುವುದಿಲ್ಲ, ಕೇಳಿ.

ಚಹಾ ಸ್ವಲ್ಪ ತಡವಾಗಲಿ

ಬೇಳೆ, ಸೊಪ್ಪಿನ ಕಬ್ಬಿಣಾಂಶ ಮಾಂಸದ್ದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆಗೆ ಅಥವಾ ಮುಗಿದ ಕೂಡಲೇ ಕುಡಿಯುವ ಚಹಾ ಅದನ್ನು ಇನ್ನಷ್ಟು ತಡೆಯುತ್ತದೆ. ಫೌಜಿನಲ್ಲಿ ಚಹಾ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿರಲಿ. ದಾಲ್ ಮೇಲೆ ಅರ್ಧ ನಿಂಬೆ ಹಿಂಡಿಕೊಳ್ಳಿ, ಸಿ ವಿಟಮಿನ್ ಕಬ್ಬಿಣವನ್ನು ಒಳಗೆ ಎಳೆಯುತ್ತದೆ.

ಬಿ12 ಮಾತ್ರ ಗಿಡಮೂಲದ ಆಹಾರದಲ್ಲಿ ಸಿಗುವುದಿಲ್ಲ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 2 ಮೈಕ್ರೊಗ್ರಾಂ ಇರುತ್ತದೆ, ಪದೇ ಪದೇ ಕುದಿಸಿದರೆ ಅದರಲ್ಲೂ ಒಂದಿಷ್ಟು ಹೋಗುತ್ತದೆ. ಹಾಲು-ಮೊಸರು ಎರಡನ್ನೂ ಬಿಟ್ಟವರಿಗೆ ಮಾತ್ರೆ ಅನಿವಾರ್ಯ. ಕೈಕಾಲು ಜೋಮು, ಕಾರಣವಿಲ್ಲದ ಸುಸ್ತು ಕಂಡರೆ ಎಂಐ ರೂಮ್‌ಗೆ (ಯೂನಿಟ್‌ನ ವೈದ್ಯಕೀಯ ತಪಾಸಣಾ ಕೊಠಡಿಗೆ) ಹೋಗಿ ರಕ್ತ ಪರೀಕ್ಷೆ ಕೇಳಿ. ಪರೀಕ್ಷೆಗೆ ಮುಂಚೆ ಫೋಲಿಕ್ ಆಮ್ಲದ ಮಾತ್ರೆ ನುಂಗಬೇಡಿ, ರಕ್ತಹೀನತೆ ಸುಧಾರಿಸಿದಂತೆ ಕಂಡರೂ ನರಕ್ಕೆ ಆಗುವ ಹಾನಿ ಒಳಗೇ ಮುಂದುವರಿಯುತ್ತದೆ. ಕ್ಯಾಪ್ಸೂಲಿನ ಹೊದಿಕೆ ಬಹಳ ಸಲ ಪ್ರಾಣಿಜನ್ಯ ಜೆಲಟಿನ್, ಬೇಡವಾದವರು ಮಾತ್ರೆ ರೂಪದ್ದನ್ನೇ ಕೇಳಿ.

ಗಸ್ತಿನ ಚೀಲಕ್ಕೆ ಹುರಿಹಿಟ್ಟು

ಗಸ್ತಿಗೆ ಕಟ್ಟಿಕೊಂಡ ಪೂರಿ-ಸಬ್ಜಿ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಶಕ್ಕರ್‌ಪಾರೆಯಲ್ಲಿ ಇರುವುದು ಮೈದಾ, ಸಕ್ಕರೆ, ಎಣ್ಣೆ. ಸಸ್ಯಾಹಾರಿಯ ಲೆಕ್ಕ ತಪ್ಪುವುದು ಗಸ್ತಿನಲ್ಲೇ. ರಜೆಗೆ ಬಂದಾಗ ಮನೆಯಲ್ಲಿ ಹೀಗೆ ಮಾಡಿಸಿಕೊಂಡು ಹೋಗಬಹುದು:

ರಾಗಿ ಹುರಿಹಿಟ್ಟು 300 ಗ್ರಾಂ
ಹುರಿಗಡಲೆ 300 ಗ್ರಾಂ
ಕಡಲೆಕಾಯಿ ಬೀಜ 150 ಗ್ರಾಂ
ಒಣ ಬೆಲ್ಲದ ಪುಡಿ 250 ಗ್ರಾಂ
ಏಲಕ್ಕಿ ನಾಲ್ಕು, ಚಿಟಿಕೆ ಉಪ್ಪು

ಕಡಲೆಕಾಯಿಯನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ ತೆಗೆಯಿರಿ. ಪೂರ್ತಿ ಆರಿದ ಮೇಲೆ ಹುರಿಗಡಲೆ ಜೊತೆಗೇ ಮಿಕ್ಸಿಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬಿಸಿಯಿದ್ದಾಗ ರುಬ್ಬಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಉಳಿದದ್ದನ್ನು ಬೆರೆಸಿ, ಜರಡಿ ಹಿಡಿದು, 100 ಗ್ರಾಂನಂತೆ ಜಿಪ್ ಕವರ್‌ಗಳಿಗೆ ತುಂಬಿ. ಒಂದು ಕವರ್‌ನಲ್ಲಿ ಸುಮಾರು 390 ಕಿಲೋ ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಮಗ್ಗಿನಲ್ಲಿ ನೀರು ಹಾಕಿ ಕಲಸಿದರೆ ಆಯಿತು, ಒಲೆ ಬೇಡ. ಜಿಗುಟು ಬೆಲ್ಲ ಹಾಕಿದರೆ ಗಂಟು ಕಟ್ಟಿ ಬೂಷ್ಟು ಹಿಡಿಯುತ್ತದೆ. ತಿಂಗಳು ಮೀರಿದರೆ ಕಡಲೆಕಾಯಿ ಮುಗ್ಗಲು ವಾಸನೆ ಬರಬಹುದು, ದೂರದ ಪೋಸ್ಟ್‌ಗೆ ಪಾರ್ಸೆಲ್ ಕಳಿಸುವವರು ಬೀಜವನ್ನು ಪುಡಿ ಮಾಡದೆ ಬೇರೆಯೇ ಕಟ್ಟಿ.

ಉತ್ತರ ಕರ್ನಾಟಕದವರ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿಯೂ ಇಂಥದ್ದಕ್ಕೆ ಹೇಳಿ ಮಾಡಿಸಿದ ಜೋಡಿ. ಚಟ್ನಿಗೆ ಹಸಿ ಬೆಳ್ಳುಳ್ಳಿ ಬೇಡ, ಗರಿಗರಿಯಾಗಿ ಹುರಿದು ಹಾಕಿ.

ಎತ್ತರದಲ್ಲಿ ಬೇಳೆ ಬೇಯುವುದಿಲ್ಲ

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸಿದರೂ ರಾಜ್ಮಾ ಗಟ್ಟಿಯಾಗಿಯೇ ಉಳಿಯುತ್ತದೆ. ಅರೆಬೆಂದ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶ ಉಳಿದು ಕೆಲವೇ ಗಂಟೆಗಳಲ್ಲಿ ವಾಂತಿ-ಭೇದಿ ಶುರುವಾಗುತ್ತದೆ. ಎತ್ತರದ ಕಾಯಿಲೆಯೆಂದು ಅದನ್ನು ತಪ್ಪು ತಿಳಿಯುವುದೂ ಉಂಟು. ಪ್ರೆಷರ್ ಕುಕ್ಕರ್‌ನ ಒಳಗೆ ಶಾಖ ಸುಮಾರು 115 ಡಿಗ್ರಿಗೆ ಏರುತ್ತದೆ, ಅದೇ ಕಾಪಾಡುವುದು. ರಾಜ್ಮಾವನ್ನು ಎಂಟು ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಹಿಮದ ಪೋಸ್ಟ್‌ನಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವುದರಿಂದ ಪಾತ್ರೆ ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಇರುವ ಕೋಣೆಯಲ್ಲಿರಲಿ. ಸೀಮೆಎಣ್ಣೆ ಕಡಿಮೆಯಿದ್ದರೆ ರಾಜ್ಮಾ ಕೈಬಿಟ್ಟು ಬೇಗ ಬೇಯುವ ಮಸೂರ, ಹೆಸರುಬೇಳೆಗೆ ಹೋಗುವುದು ಜಾಣತನ.

ಎತ್ತರಕ್ಕೆ ಹೋದ ಮೊದಲ ದಿನಗಳಲ್ಲಿ ಹಸಿವು ಸತ್ತಿರುತ್ತದೆ. 2,700 ಮೀಟರ್ ದಾಟಿದ ಮೇಲೆ ಆರು ದಿನದ ಮೊದಲ ಹಂತದ ಒಗ್ಗಿಕೊಳ್ಳುವ ಅವಧಿ ಇರುತ್ತದಲ್ಲ, ಆಗ ತಟ್ಟೆ ತುಂಬ ಊಟ ಇಳಿಯುವುದಿಲ್ಲ. ಎರಡೆರಡು ಗಂಟೆಗೊಮ್ಮೆ ಬೆಲ್ಲ ಹಾಕಿದ ಹಾಲು, ಬೇಳೆ ಕಟ್ಟಿನ ಸಾರು, ಒಣದ್ರಾಕ್ಷಿ-ಬಾದಾಮಿ ಹೀಗೆ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಿ. ಪ್ಯಾಕೆಟ್ ಸೂಪ್ ಕುಡಿಯುವ ಮುನ್ನ ಗುರುತು ನೋಡಿ: ಹಸಿರು ಚುಕ್ಕೆ ಸಸ್ಯಾಹಾರ, ಕಂದು ತ್ರಿಕೋನ ಮಾಂಸಾಹಾರ. ಮೈಸೂರಿನ ಡಿಎಫ್‌ಆರ್‌ಎಲ್ (ರಕ್ಷಣಾ ಆಹಾರ ಸಂಶೋಧನಾ) ಪ್ರಯೋಗಾಲಯದಲ್ಲಿ ರೂಪುಗೊಂಡ ಪೌಚ್ ತಿನಿಸುಗಳಲ್ಲಿ ಉಪ್ಪಿಟ್ಟು, ವೆಜ್ ಪುಲಾವ್‌ನಂಥವೂ ಇವೆ. ಕತ್ತಲಲ್ಲಿ ರೇಷನ್ ಹಂಚುವಾಗ ಪೌಚ್‌ಗಳು ಅದಲುಬದಲಾಗುತ್ತವೆ. ಹೊರಡುವ ಮುನ್ನವೇ ನಿಮ್ಮ ಪಾಲು ಬೇರ್ಪಡಿಸಿ, ಮಾರ್ಕರ್‌ನಲ್ಲಿ ಹೆಸರು ಬರೆದು ಚೀಲಕ್ಕೆ ಹಾಕಿಕೊಳ್ಳಿ.